ಗೊಂಬೆಗೆ ಹೇಳಿದ ಮಾತು

ಆ ಬೀದಿಯಲ್ಲಿ ಅವಳನ್ನು ಕತ್ತರಿಯಮ್ಮ ಅಂತಲ್ಲದೆ ಬೇರೆ ಹೆಸರಿನಿಂದ ಕರೆಯುವವರೇ ಇರಲಿಲ್ಲ. ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆದು ಬಟ್ಟೆ ಕತ್ತರಿಸುವುದು ತನ್ನ ಕೆಲಸ, ಅದಕ್ಕೇ ಈ ಹೆಸರು ಎಂದು ಅವಳು ನಂಬಿದ್ದಳು. ಬೀದಿಯವರನ್ನು ಕೇಳಿದರೆ ಅವಳ ಕೈ ಬಿಟ್ಟು ಬಾಯಿಯ ಕಡೆ ಬೆರಳು ತೋರಿಸುತ್ತಿದ್ದರು. "ಈ ಬಣ್ಣ ನಂಗೆ ಒಪ್ಪುತ್ತಾ?" ಅಂತ ಆಸೆಯಿಂದ ಕೇಳಿದ ಗಿರಾಕಿಗೆ, "ಬಣ್ಣವೇನೋ ಚೆನ್ನಾಗಿದೆ" ಅಂತ ಹೇಳಿ ಸುಮ್ಮನಾಗುವ ಹೆಂಗಸು ಅವಳು. ಆದರೂ ಒಬ್ಬ ಗಿರಾಕಿಯೂ ಬೇರೆ ಅಂಗಡಿಗೆ ಹೋಗುತ್ತಿರಲಿಲ್ಲ. ಅವಳು ಕತ್ತರಿಸಿದ ಕೋಟು ಹಾಕಿಕೊಂಡರೆ ಬೆನ್ನು ಬಗ್ಗಿದವರೂ ನೆಟ್ಟಗೆ ಕಾಣುತ್ತಿದ್ದರು.

ಕತ್ತರಿ ಹಿಡಿಯುವುದನ್ನು ಅವಳಿಗೆ ಕಲಿಸಿದ್ದು ಅಪ್ಪ, ಅದೇ ಅಂಗಡಿಯಲ್ಲಿ. ಮೇಜು ಎಟುಕದ ವಯಸ್ಸಿನಲ್ಲಿ ಸ್ಟೂಲಿನ ಮೇಲೆ ನಿಂತು ಚಿಂದಿಬಟ್ಟೆ ಕತ್ತರಿಸಿದವಳು. ಮದುವೆಯಾಗಿ ಹೋದಳು, ವರ್ಷ ತುಂಬುವುದರೊಳಗೆ ಒಂದು ಟ್ರಂಕು ಹಿಡಿದು ವಾಪಸು ಬಂದಳು. ಯಾಕೆ ಅಂತ ಕೇಳಿದವರಿಗೆ "ಅಳತೆ ತಪ್ಪಿತ್ತು" ಅಂದಳು, ಅಷ್ಟೇ. ಅಣ್ಣ ದೂರದ ಊರುಗಳಿಗೆ ಲಾರಿ ಓಡಿಸುವವನು, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಅಪ್ಪನ ಕಾಲದ ನಂತರ ಆ ಅಂಗಡಿಯಲ್ಲಿ, ಅದರ ಹಿಂದಿನ ಎರಡು ಕೋಣೆಯಲ್ಲಿ, ದಿನವಿಡೀ ಉಳಿದವರು ಇಬ್ಬರೇ: ಕತ್ತರಿಸಲು ಇವಳು, ಹೊಲಿಯಲು ಅಣ್ಣನ ಹೆಂಡತಿ.

ಅತ್ತಿಗೆ ಇವಳಿಗಿಂತ ಎರಡೇ ವರ್ಷ ದೊಡ್ಡವಳು. ಮೆತ್ತಗಿನ ಹೆಂಗಸು ಅಂದುಕೊಳ್ಳಬೇಡಿ. ಮೆತ್ತಗಿದ್ದಿದ್ದರೆ ಇಪ್ಪತ್ತಾರು ವರ್ಷ ಕತ್ತರಿಯಮ್ಮನ ಜೊತೆ ಒಂದೇ ಕೋಣೆಯಲ್ಲಿ ಬಾಳುವೆ ಮಾಡಲು ಆಗುತ್ತಿತ್ತೇ! ಇವಳು ಒಂದು ಅಂದರೆ ಅವಳು ಎರಡು ಅನ್ನುತ್ತಿದ್ದಳು, ಆಮೇಲೆ ಇಬ್ಬರೂ ಮಾತು ಬಿಡುತ್ತಿದ್ದರು. ಮಾತು ಬಿಟ್ಟರೆ ಅಂಗಡಿ ನಡೆಯಬೇಕಲ್ಲ? ಅದಕ್ಕೆ ಗೊಂಬೆ ಇತ್ತು.

ಗೊಂಬೆ ಅಂದರೆ ಬಟ್ಟೆ ತೊಡಿಸಿ ನೋಡುವ, ತಲೆಯಿಲ್ಲದ, ಕೈಯಿಲ್ಲದ, ಒಂಟಿ ಕಾಲಿನ ಮರದ ಗೊಂಬೆ. ಅಪ್ಪ ತಂದದ್ದು. ಜಗಳವಾದಾಗ ಇಬ್ಬರೂ ಅದರ ಜೊತೆ ಮಾತಾಡುತ್ತಿದ್ದರು. "ಗೊಂಬೇ, ಕೆಲವರಿಗೆ ಹೇಳು, ಚಹಾ ಆರ್ತಾ ಇದೆ." "ಗೊಂಬೇ, ಕೆಲವರು ಚಹಾಕ್ಕೆ ಸಕ್ಕರೆ ಹಾಕೋದು ಮರ್ತಿದಾರೆ ಅಂತ ನೀನೂ ಹೇಳು." ಅಣ್ಣ ಮನೆಗೆ ಬಂದವನು ಮೊದಲು ಕಿವಿಗೊಟ್ಟು, ಹೆಂಡತಿ, ತಂಗಿ ಯಾರ ಜೊತೆ ಮಾತಾಡುತ್ತಿದ್ದಾರೆ ಅಂತ ತಿಳಿದುಕೊಂಡೇ ಒಳಗೆ ಕಾಲಿಡುತ್ತಿದ್ದ. ಎರಡು ದಿನ, ಹೆಚ್ಚೆಂದರೆ ಮೂರು ದಿನ. ಆಮೇಲೆ ಯಾರೋ ಒಬ್ಬರು ಗೊಂಬೆಯನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ಜಗಳ ಮುಗಿಯಿತು ಅಂತ ಅದರ ಅರ್ಥ. ಯಾರೂ ಕ್ಷಮೆ ಕೇಳುತ್ತಿರಲಿಲ್ಲ, ಕೇಳಬೇಕಾದ ಪ್ರಮೇಯವೂ ಬಂದಿರಲಿಲ್ಲ.

ಜಗಳವಿರಲಿ ಬಿಡಲಿ, ಒಂದು ಕೆಲಸ ಮಾತ್ರ ತಪ್ಪುತ್ತಿರಲಿಲ್ಲ. ಅತ್ತಿಗೆಗೆ ಹತ್ತಿರದ ಕಣ್ಣು ಮಂದವಾಗಿತ್ತು. ಕನ್ನಡಕ ಹಾಕಿದರೂ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಕತ್ತರಿಯಮ್ಮ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಡುತ್ತಿದ್ದಳು. ದಾರದ ತುದಿಯನ್ನು ತುಟಿಯ ನಡುವೆ ಒದ್ದೆ ಮಾಡುವುದು, ಕಣ್ಣಿಗೆ ತೂರಿಸುವುದು, ಎಳೆಯುವುದು. ಅದು ಅವಳ ಪ್ರೀತಿ. ಅದನ್ನು ಬೇರೆ ಯಾವ ರೀತಿಯಲ್ಲೂ ಹೇಳಲು ಅವಳಿಗೆ ಬರುತ್ತಿರಲಿಲ್ಲ.

ಇನ್ನು ಆ ಹದಿನಾರು ಕೋಟಿನ ವಿಷಯ.

ಪಕ್ಕದ ದೊಡ್ಡ ಆಸ್ಪತ್ರೆಯವರು ನರ್ಸುಗಳಿಗೆ ಹದಿನಾರು ಬಿಳಿ ಕೋಟು ಹೊಲಿದುಕೊಡಲು ಹೇಳಿದ್ದರು. ವಾರದ ಗಡುವು. ಕೊಟ್ಟ ಬಟ್ಟೆ ಸ್ವಲ್ಪ ಕಡಿಮೆ ಬಿತ್ತು. ಕತ್ತರಿಯಮ್ಮ ತಲೆ ಓಡಿಸಿ ತೋಳಿನ ಮೇಲ್ಭಾಗವನ್ನು ಒಂದು ಬೆರಳಿನಷ್ಟು ತಗ್ಗಿಸಿ ಕತ್ತರಿಸಿದಳು. ಅತ್ತಿಗೆ ಅದನ್ನು ಕೈಗೆ ತೆಗೆದುಕೊಂಡು ನೋಡಿದ್ದೇ, "ಇದು ಎಳೆಯುತ್ತೆ ಕಣೇ, ಕೈ ಎತ್ತೋಕಾಗಲ್ಲ" ಅಂದಳು.

"ನಿನ್ನ ಕೆಲಸ ಹೊಲಿಯೋದು. ಕತ್ತರಿಸೋಕೆ ನಾನಿದೀನಿ."

"ಆಯ್ತಮ್ಮಾ, ಮಹಾತಾಯಿ. ನೀನು ಹೇಗೆ ಕತ್ತರಿಸ್ತೀಯೋ ಹಾಗೇ ಹೊಲಿತೀನಿ. ಆಮೇಲೆ ತೋಳು ಎಲ್ಲಿಗೆ ಹೋಯ್ತು ಅಂತ ನನ್ನ ಕೇಳ್ಬೇಡ."

ಅಲ್ಲಿಗೆ ಮಾತು ನಿಂತಿತು. ಗೊಂಬೆ ಗೋಡೆ ಬಿಟ್ಟು ಈಚೆ ತಿರುಗಿತು. ಅಣ್ಣ ಲಾರಿಯಲ್ಲಿ ಎಲ್ಲೋ ಮುನ್ನೂರು ಮೈಲಿ ಆಚೆ ಇದ್ದ.

ಮೊದಲನೆಯ ದಿನ ಮಧ್ಯಾಹ್ನ ಅತ್ತಿಗೆ ಹೊಲಿದಿಟ್ಟ ಕೋಟನ್ನು ಕತ್ತರಿಯಮ್ಮ ಎತ್ತಿ ನೋಡಿದರೆ, ಎಡಗೈ ತೋಳು ಬಲಗಡೆಗೆ, ಬಲಗೈ ತೋಳು ಎಡಗಡೆಗೆ! ಹೊಸದಾಗಿ ಕಲಿಯುವವರು ಮಾಡುವ ತಪ್ಪು. ಇಪ್ಪತ್ತಾರು ವರ್ಷ ಹೊಲಿದ ಕೈ ಅಂಥ ತಪ್ಪು ಮಾಡುತ್ತದೆಯೇ? ಬೇಕಂತಲೇ ಮಾಡಿದ್ದಾಳೆ ಅಂತ ಕತ್ತರಿಯಮ್ಮನಿಗೆ ಸಿಟ್ಟು ನೆತ್ತಿಗೇರಿತು. 'ತೋಳು ಎಲ್ಲಿಗೆ ಹೋಯ್ತು ಅಂತ ಕೇಳ್ಬೇಡ' ಅಂದಿದ್ದಳಲ್ಲ, ನಡೆಸಿ ತೋರಿಸುತ್ತಿದ್ದಾಳೆ.

"ಗೊಂಬೇ, ಕೆಲವರಿಗೆ ಹೇಳು, ಎಡ ಯಾವುದು ಬಲ ಯಾವುದು ಅಂತ ಕೈಕೂಸಿಗೂ ಗೊತ್ತು. ಬಿಚ್ಚಿ ಮತ್ತೆ ಹೊಲಿಯೋಕೆ ಹೇಳು" ಅಂತ ಕೋಟನ್ನು ಎಸೆದಳು. ಅತ್ತಿಗೆ ಬಿಚ್ಚಿದಳು. ಮತ್ತೆ ಹೊಲಿದಳು. ಮತ್ತೆ ಹಾಗೇ.

ಎರಡನೆಯ ದಿನ ಅತ್ತಿಗೆ ಉರಿ ಬಿಸಿಲಲ್ಲಿ ಉಣ್ಣೆಯ ಶಾಲು ಹೊದ್ದು ಮಿಷನ್ನಿನ ಮುಂದೆ ಕೂತಳು. 'ನೋಡಪ್ಪಾ ನಾಟಕ' ಅಂದುಕೊಂಡಳು ಕತ್ತರಿಯಮ್ಮ. ಸ್ವಲ್ಪ ಹೊತ್ತಿಗೆ ಅತ್ತಿಗೆ ಗೊಂಬೆಯ ಕಡೆ ತಿರುಗಿ, "ಯಾರೋ ಬಟ್ಟೆ ಸುಡ್ತಿದಾರೆ. ಇಸ್ತ್ರಿಪೆಟ್ಟಿಗೆ ತೆಗೀರಿ" ಅಂದಳು. ಇಸ್ತ್ರಿಪೆಟ್ಟಿಗೆ ತಣ್ಣಗೆ ಮೂಲೆಯಲ್ಲಿ ಕೂತಿತ್ತು. ಹಿಂದೊಮ್ಮೆ ಕತ್ತರಿಯಮ್ಮ ಒಬ್ಬ ಮಾಸ್ತರರ ಪ್ಯಾಂಟು ಸುಟ್ಟಿದ್ದಳು. ಎಂಟು ವರ್ಷದ ಹಿಂದಿನ ಮಾತು. ಅದನ್ನು ಈಗ ಕೆದಕುತ್ತಿದ್ದಾಳೆ!

"ಗೊಂಬೇ, ಹಳೇದೆಲ್ಲ ತೆಗೆಯೋದಾದ್ರೆ ನನ್ನ ಹತ್ರಾನೂ ಬೇಕಾದಷ್ಟಿದೆ ಅನ್ನು" ಅಂದಳು ಇವಳು.

ಸಂಜೆ ಅತ್ತಿಗೆ ಗೊಂಬೆಯನ್ನು "ಅಮ್ಮಾ" ಅಂತ ಕರೆದಳು. "ಅಮ್ಮಾ, ತಲೆ ನೋಯ್ತಿದೆ, ಮನೆಗೆ ಹೋಗೋಣ" ಅಂದಳು. ಆಮೇಲೆ ಮಿಷನ್ನಿನ ಕಬ್ಬಿಣದ ಮೈಗೆ ಹಣೆ ಒತ್ತಿಕೊಂಡು ಕೂತಳು. ತಣ್ಣಗಿತ್ತಲ್ಲ ಕಬ್ಬಿಣ, ಅದಕ್ಕೆ. ಕತ್ತರಿಯಮ್ಮ ಅದನ್ನು ಕಣ್ಣಾರೆ ನೋಡಿದಳು. ಎದ್ದು ಹೋಗಿ ಆ ಹಣೆಯನ್ನು ಒಂದು ಸಲ ಮುಟ್ಟಿದ್ದರೆ ಸಾಕಿತ್ತು, ಆರು ಹೆಜ್ಜೆ. ಜಗಳದಲ್ಲಿ ಮೊದಲು ಎದ್ದವಳು ಸೋತ ಹಾಗೆ ಅಂತ ಕೂತೇ ಇದ್ದಳು. ಆ ಆರು ಹೆಜ್ಜೆಯನ್ನು ಅವಳು ಆಮೇಲೆ ಎಷ್ಟು ಸಾವಿರ ಸಲ ನಡೆದಿದ್ದಾಳೋ ಅವಳಿಗೇ ಗೊತ್ತು.

ಮೂರನೆಯ ದಿನ ಆಸ್ಪತ್ರೆಯ ಆಳು ಬಂದು ಹೊಲಿದು ಮುಗಿದಷ್ಟು ಕೋಟುಗಳ ಗಂಟು ಹೊತ್ತುಕೊಂಡು ಹೋದ. ಅವನು ಮೆಟ್ಟಿಲಿಳಿಯುತ್ತಿದ್ದ ಹಾಗೆ ಹಿಂದೆ ಧಡ್ ಅಂತ ಸದ್ದಾಯಿತು. ಅತ್ತಿಗೆ ಕೆಳಗೆ ಬಿದ್ದಿದ್ದಳು. ಕಣ್ಣು ಮೇಲೆ ಹೋಗಿ ಕೈಕಾಲು ಅದುರುತ್ತಿತ್ತು. ಕತ್ತರಿಯಮ್ಮ ಓಡಿ ಬಂದು ಹಿಡಿದುಕೊಂಡಳು. ಮೈ ಕೆಂಡದ ಹಾಗೆ ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಯಾವಾಗಿಂದ ಹೀಗಿದಾರೆ? ಮಾತು, ನಡವಳಿಕೆ ಏನಾದ್ರೂ ವಿಚಿತ್ರ ಅನ್ನಿಸಿತ್ತಾ?"

"ನಿನ್ನೆ ಸಂಜೆಯಿಂದ" ಅಂದಳು ಕತ್ತರಿಯಮ್ಮ.

ಯಾರೂ ಅವಳ ಕುತ್ತಿಗೆ ಹಿಡಿದಿರಲಿಲ್ಲ. ಸುಳ್ಳು ತಾನಾಗಿ ಬಾಯಿಗೆ ಬಂತು. ಯಾರ ಮುಖಕ್ಕೂ ಅಂಜದೆ ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಅಂತ ಹೆಸರು ಮಾಡಿದ್ದ ಹೆಂಗಸು!

ತಲೆಯ ಸ್ಕ್ಯಾನ್ ಆಯಿತು, ಬೆನ್ನುಹುರಿಯ ನೀರು ತೆಗೆದು ನೋಡಿದ್ದಾಯಿತು. ಮರುದಿನ ಡಾಕ್ಟರು ಕೂರಿಸಿಕೊಂಡು ಹೇಳಿದರು. ಮಿದುಳಿಗೆ ಸೋಂಕು ತಗುಲಿದೆ. ಅದಕ್ಕೆ ಕಾರಣ ಏನೋ ದೊಡ್ಡ ಮಾರಿಯಲ್ಲ, ಜ್ವರ ಬಂದಾಗ ತುಟಿಯ ಮೇಲೆ ಗುಳ್ಳೆ ಏಳುತ್ತದಲ್ಲ, ಅದೇ ವೈರಸ್ಸು. ಹರ್ಪಿಸ್ ಅಂತಾರೆ. ಲಕ್ಷಾಂತರ ಜನರಲ್ಲಿ ಯಾರೋ ಒಬ್ಬರಿಗೆ ಮಾತ್ರ ಅದು ಮಿದುಳಿಗೆ ಏರುತ್ತದೆ, ಯಾಕೆ ಅಂತ ಸರಿಯಾಗಿ ಯಾರಿಗೂ ಗೊತ್ತಿಲ್ಲ.

ಕತ್ತರಿಯಮ್ಮನ ಕೈ ತಾನಾಗಿ ತುಟಿಗೆ ಹೋಯಿತು. ಹದಿನೈದು ದಿನದ ಹಿಂದೆ ಅವಳ ಕೆಳತುಟಿಯ ಮೇಲೆ ಅಂಥದೇ ಗುಳ್ಳೆ ಎದ್ದಿತ್ತು. ಆ ತುಟಿಯಲ್ಲೇ ದಾರ ಒದ್ದೆ ಮಾಡಿ ದಿನಕ್ಕೆ ಇಪ್ಪತ್ತು ಸೂಜಿ ಪೋಣಿಸಿದ್ದಳು. ಅತ್ತಿಗೆ ಆ ದಾರವನ್ನೇ ಹಲ್ಲಿನಲ್ಲಿ ಕಡಿದು ತುಂಡು ಮಾಡುತ್ತಿದ್ದಳು. ಅವಳು ಇಷ್ಟನ್ನೂ ಹೇಳಿದಳು. ಡಾಕ್ಟರು ತಲೆಯಾಡಿಸಿ, "ಅಯ್ಯೋ, ದಾರದಿಂದಲ್ಲಮ್ಮ. ಈ ವೈರಸ್ಸು ಅರ್ಧಕ್ಕರ್ಧ ಜನರ ಮೈಯಲ್ಲಿ ಚಿಕ್ಕಂದಿನಿಂದಲೇ ಮಲಗಿರುತ್ತೆ. ಇವರಲ್ಲೂ ಎಷ್ಟೋ ವರ್ಷದಿಂದ ಇತ್ತು ಅನ್ಸುತ್ತೆ. ನಿಮ್ಮ ತಪ್ಪೇನೂ ಇಲ್ಲ. ಅದನ್ನ ತಲೆಯಿಂದ ತೆಗೆದುಹಾಕಿ" ಅಂದರು. ಅವಳು ಉಸಿರು ಬಿಟ್ಟಳು.

ಅಷ್ಟಕ್ಕೇ ನಿಲ್ಲಿಸಬಾರದಿತ್ತೇ ಆ ಪುಣ್ಯಾತ್ಮ! "ಇದರಲ್ಲಿ ಮುಖ್ಯ ಅಂದ್ರೆ ಸಮಯ. ಎಷ್ಟು ಬೇಗ ಔಷಧಿ ಶುರು ಮಾಡ್ತೀವೋ ಅಷ್ಟು ಮಿದುಳು ಉಳಿಯುತ್ತೆ. ಸುಟ್ಟ ವಾಸನೆ ಬರ್ತಿದೆ ಅನ್ನೋದು, ಏನೇನೋ ಮಾತಾಡೋದು, ಇವೆಲ್ಲ ಶುರುವಿನ ಲಕ್ಷಣ. ನೀವು ಮಾರನೇ ದಿನವೇ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು."

ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತು. ಮಾಡಿದ ತಪ್ಪಿಗೆ ಶಹಬ್ಬಾಸ್ ಸಿಕ್ಕಿತು. ಅವಳು ಹೊರಗೆ ಬಂದು ಬೆಂಚಿನ ಮೇಲೆ ಕೂತು, ಏನೂ ತೋಚದೆ, ಸೆರಗಿನ ಅಂಚಿನಲ್ಲಿ ಬಿಟ್ಟಿದ್ದ ಒಂದು ಎಳೆಯನ್ನು ಎಳೆಯುತ್ತಾ ಹೋದಳು.

ಮೂರು ವಾರ ರಕ್ತನಾಳಕ್ಕೆ ಔಷಧಿ ಹರಿಸಿದರು. ಒಂದು ದಿನ ಬಾಟಲಿ ಬದಲಾಯಿಸಲು ಬಂದ ನರ್ಸು ಕೈ ಮೇಲೆತ್ತಿ ಮುಖ ಹಿಂಡಿದಳು. "ಹೊಸ ಕೋಟಮ್ಮ. ಕೈ ಎತ್ತಿದ್ರೆ ಭುಜ ಹಿಡಿಯುತ್ತೆ. ಯಾವ ಮಹಾರಾಯ್ತಿ ಹೊಲಿದ್ಲೋ!" ಕತ್ತರಿಯಮ್ಮ ನೋಡಿದಳು. ಎಡದ ತೋಳು ಬಲಕ್ಕಿತ್ತು. ಗಡಿಬಿಡಿಯಲ್ಲಿ ತಿದ್ದುವಾಗ ಅವಳ ಕಣ್ಣು ತಪ್ಪಿಸಿ ಹೋದ ಕೋಟು. ಅದನ್ನು ಹೊಲಿದವಳು ಅದೇ ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. 'ಅವಳು ಹೊಲಿದದ್ದಲ್ಲ, ಜ್ವರ ಹೊಲಿದದ್ದು, ನಾನು ಬೈದು ಹೊಲಿಸಿದ್ದು' ಅಂತ ಹೇಳಲು ಬಾಯಿ ತೆರೆದಳು. "ಬಿಚ್ಚಿ ಸರಿ ಮಾಡ್ಕೊಡ್ತೀನಿ, ಕೊಡು ಮಗಳೇ" ಅನ್ನುವಷ್ಟು ಮಾತ್ರ ಬಂತು. ಆ ಕೋಟನ್ನು ಅತ್ತಿಗೆಯ ಕಾಲ ಬಳಿ ಕೂತು ಬಿಚ್ಚಿದಳು. ಒಂದೊಂದು ಹೊಲಿಗೆಯೂ ನೇರವಾಗಿ, ಒಂದೇ ಅಳತೆಯಲ್ಲಿ, ಮುತ್ತಿನ ಹಾಗಿತ್ತು. ಆ ಜ್ವರದಲ್ಲೂ ಕೈ ತನ್ನ ಕೆಲಸ ಬಿಟ್ಟಿರಲಿಲ್ಲ. ಅಲ್ಲಿಯವರೆಗೆ ತಡೆದಿಟ್ಟಿದ್ದ ಅಳು ಆಗ ಕಟ್ಟೆಯೊಡೆಯಿತು.

ಮರುದಿನ ಡಾಕ್ಟರ ಕೋಣೆಗೆ ಹೋಗಿ ನಿಜ ಹೇಳಿದಳು. ನಿನ್ನೆ ಸಂಜೆ ಅಲ್ಲ, ಮೂರು ದಿನ ಅಂದಳು. ಅವರು "ಔಷಧಿಯಲ್ಲಿ ವ್ಯತ್ಯಾಸವೇನಿಲ್ಲ" ಅಂತ ಕಾಗದದಲ್ಲಿ ತಿದ್ದಿ ಬರೆದುಕೊಂಡರು. ಅದರ ಮೇಲೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅತ್ತಿಗೆ ಉಳಿದಳು. ನಡೆದಾಡಿದಳು, ಊಟ ಮಾಡಿದಳು, ಗಂಡನ ಗುರುತು ಹಿಡಿದು "ಎಷ್ಟು ಸೊರಗಿದೀರಿ" ಅಂದಳು. ಹಳೆಯದೆಲ್ಲ ಇತ್ತು. ಹೊಸದು ನಿಲ್ಲುತ್ತಿರಲಿಲ್ಲ. ಈಗ ಹೇಳಿದ್ದು ಹತ್ತು ನಿಮಿಷಕ್ಕೆ ಅಳಿಸಿಹೋಗುತ್ತಿತ್ತು. ಚಹಾ ಕುಡಿದು ಲೋಟ ಕೆಳಗಿಟ್ಟು "ಇವತ್ತು ಚಹಾ ಇಲ್ವೇನೇ?" ಅಂತ ಕೇಳುತ್ತಿದ್ದಳು. ಆದರೆ ಮಿಷನ್ನಿನ ಮುಂದೆ ಕೂರಿಸಿದರೆ ಕೈಗೆ ಎಲ್ಲ ನೆನಪಿತ್ತು. ತೋಳು ಸರಿಯಾದ ಕಡೆಗೇ ಕೂರುತ್ತಿತ್ತು. ಯಾರ ಕೋಟು ಅನ್ನುವುದು ಮಾತ್ರ ಮರೆತುಹೋಗುತ್ತಿತ್ತು.

ಅಣ್ಣ ದೂರದ ಲಾರಿ ಬಿಟ್ಟು ಊರೊಳಗಿನ ಗಾಡಿ ಹಿಡಿದ. ಬಂದವರಿಗೆಲ್ಲ "ನನ್ನ ತಂಗಿ ಇಲ್ದೇ ಇದ್ದಿದ್ರೆ ಇವಳು ಉಳೀತಿರ್ಲಿಲ್ಲ" ಅನ್ನುತ್ತಿದ್ದ. ಆ ಮಾತು ಬಂದಾಗಲೆಲ್ಲ ಕತ್ತರಿಯಮ್ಮ ಏನೋ ನೆನಪಾದವಳ ಹಾಗೆ ಒಳಗೆ ಎದ್ದು ಹೋಗುತ್ತಿದ್ದಳು. ಅವನಿಗೆ ಹೇಳುವ ಧೈರ್ಯ ಅವಳಿಗೆ ಇವತ್ತಿಗೂ ಬಂದಿಲ್ಲ.

ಅತ್ತಿಗೆಗೆ ಹೇಳಿದಳು. ಮನೆಗೆ ಬಂದ ವಾರದಲ್ಲೇ ಕಾಲ ಬಳಿ ಕೂತು, ಕೋಟು, ಶಾಲು, ಗೊಂಬೆ, ಕಬ್ಬಿಣಕ್ಕೆ ಒತ್ತಿದ ಹಣೆ, ಒಂದನ್ನೂ ಬಿಡದೆ ಹೇಳಿದಳು. ಅತ್ತಿಗೆಯ ಮುಖ ಬಿಳಿಚಿಕೊಂಡಿತು. "ನಂಗೆ ಅಷ್ಟು ಜ್ವರ ಇತ್ತಾ? ನೀನು ನೋಡಿದ್ಯಾ? ನೋಡಿ ಸುಮ್ನಿದ್ಯಾ?" ಅಂತ ಕೇಳಿ ಗಳಗಳನೆ ಅತ್ತಳು. ಆಮೇಲೆ ಇವಳ ತಲೆ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು, ಹೊಟ್ಟೆಗೆ ಹಾಕ್ಕೊಂಡಿದೀನಿ" ಅಂದಳು. ಕತ್ತರಿಯಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಕಾಲು ಗಂಟೆಯ ಮೇಲೆ ಅತ್ತಿಗೆ ತನ್ನ ಒದ್ದೆ ಕೆನ್ನೆ ಮುಟ್ಟಿ ನೋಡಿಕೊಂಡು, "ನಾನ್ಯಾಕೆ ಅಳ್ತಿದೀನಿ?" ಅಂದಳು.

ಕ್ಷಮಿಸಿದ್ದು ಅವಳಿಗೇ ಗೊತ್ತಿಲ್ಲದ ಮೇಲೆ ಆ ಕ್ಷಮೆ ಎಷ್ಟು ಹೊತ್ತು ಬಾಳೀತು? ವಾರ ಕಳೆಯುವುದರೊಳಗೆ ಎದೆಯ ಮೇಲಿನ ಕಲ್ಲು ಮೊದಲಿನ ಜಾಗಕ್ಕೆ ಬಂತು. ಮತ್ತೆ ಹೇಳಿದಳು. ಅತ್ತಿಗೆ ಮತ್ತೆ ಬಿಳಿಚಿದಳು, ಮತ್ತೆ ಅತ್ತಳು, ಮತ್ತೆ ಹೊಟ್ಟೆಗೆ ಹಾಕಿಕೊಂಡಳು, ಮತ್ತೆ ಮರೆತಳು. ಹೀಗೆ ಐದು ಸಲವಾಯಿತು. ಆರನೆಯ ಸಲ "ನೋಡಿ ಸುಮ್ನಿದ್ಯಾ?" ಅಂತ ಆ ಮುಖ ಕುಸಿಯುವುದನ್ನು ನೋಡುತ್ತಿದ್ದಾಗ ಕತ್ತರಿಯಮ್ಮನಿಗೆ ಹೊಳೆಯಿತು: ಇವಳಿಗೆ ಇದು ಪ್ರತಿ ಸಲವೂ ಮೊದಲನೆಯ ಸಲ. ನನ್ನ ಎದೆ ಹಗುರಾಗಲಿ ಅಂತ ವಾರಕ್ಕೊಮ್ಮೆ ಇವಳ ಎದೆಗೆ ಚುಚ್ಚುತ್ತಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು. ಅಂದಿಗೆ ನಿಲ್ಲಿಸಿದಳು.

ಹೇಳದೆ ಇರುವುದು ಹೇಳುವುದಕ್ಕಿಂತ ಕಷ್ಟವಾಯಿತು. ಒಂದು ಬೆಳಿಗ್ಗೆ ಸೂಜಿಗಳಿಗೆ ದಾರ ಪೋಣಿಸುತ್ತಿದ್ದಳು. ಈಗ ತುಟಿಗೆ ತಾಗಿಸುತ್ತಿರಲಿಲ್ಲ, ಪಕ್ಕದಲ್ಲಿ ನೀರಿನ ಬಟ್ಟಲಿತ್ತು. ಡಾಕ್ಟರು ದಾರದಿಂದಲ್ಲ ಅಂದಿದ್ದರು, ಇರಲಿ. ಅತ್ತಿಗೆ ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು. ಗೊಂಬೆಯನ್ನು ಆಸ್ಪತ್ರೆಯಿಂದ ಬಂದ ದಿನವೇ ಗೋಡೆಗೆ ತಿರುಗಿಸಿಟ್ಟಿದ್ದರು. ಕತ್ತರಿಯಮ್ಮ ಎದ್ದು ಅದನ್ನು ತನ್ನ ಕಡೆ ತಿರುಗಿಸಿ, ತಗ್ಗಿದ ದನಿಯಲ್ಲಿ, "ಗೊಂಬೇ, ಅವಳಿಗೆ ಹೇಳು. ನಾನು ಎದ್ದು ಬರ್ಬೇಕಿತ್ತು ಅನ್ನು. ಆರೇ ಹೆಜ್ಜೆ ಇತ್ತು ಅನ್ನು" ಅಂತ ಅದರ ಹೆಗಲಿಗೆ ಹಣೆಯಿಟ್ಟು ಅತ್ತಳು.

ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತಿಗೆ, ಕೈಯಲ್ಲಿ ಬಾಚಣಿಗೆ ಹಿಡಿದು ನಿಂತಿದ್ದಳು. ಅವಳ ಕಣ್ಣು ಕತ್ತರಿಯಮ್ಮನ ಮೇಲೆ, ಆಮೇಲೆ ತಿರುಗಿದ ಗೊಂಬೆಯ ಮೇಲೆ ಹೋಯಿತು. ಮುಖದ ಮೇಲೆ ಗಾಬರಿ ಬಂತು. ಗೊಂಬೆ ಈಚೆ ತಿರುಗಿದೆ ಅಂದರೆ ಜಗಳವಾಗಿದೆ. ಅದು ಅವಳಿಗೆ ನೆನಪಿತ್ತು, ಇಪ್ಪತ್ತಾರು ವರ್ಷದ ನೆನಪು. ಯಾವ ಜಗಳ ಅನ್ನುವುದು ಮಾತ್ರ ಎಷ್ಟು ತಡಕಾಡಿದರೂ ಸಿಗುತ್ತಿರಲಿಲ್ಲ. ಅವಳು ಮೆಲ್ಲಗೆ ನಡೆದು ಬಂದು, ನಾದಿನಿಯ ಮುಖ ನೋಡದೆ, ಗೊಂಬೆಗೆ ಹೇಳಿದಳು:

"ಗೊಂಬೇ, ಅವಳಿಗೆ ಹೇಳು, ನಾನು ಏನೋ ಅಂದಿರ್ಬೇಕು. ನಂಗೆ ಈಗೀಗ ಏನೂ ನೆನಪಿರಲ್ಲ. ತಪ್ಪು ನಂದೇ ಇರುತ್ತೆ. ಮಾತು ಬಿಡ್ಬೇಡ ಅನ್ನು."

ಇಪ್ಪತ್ತಾರು ವರ್ಷದಲ್ಲಿ ಆ ಅಂಗಡಿಯಲ್ಲಿ ಗೊಂಬೆಯ ಮುಂದೆ ಒಬ್ಬರು ಇನ್ನೊಬ್ಬರನ್ನು ಕೇಳಿದ ಮೊದಲ ಕ್ಷಮೆ ಅದು. ಕೇಳಬೇಕಾದವಳು ಅದನ್ನು ಕೇಳಿಸಿಕೊಳ್ಳುತ್ತಾ ನಿಂತಿದ್ದಳು. 'ಇಲ್ಲ ಅತ್ತಿಗೆ, ತಪ್ಪು ನನ್ನದು' ಅಂದರೆ 'ಏನು ತಪ್ಪು?' ಅಂತ ಕೇಳುತ್ತಾಳೆ. ಹೇಳಬೇಕಾಗುತ್ತದೆ. ಆ ಮುಖ ಏಳನೆಯ ಸಲ ಕುಸಿಯುತ್ತದೆ. ಹೇಳದೆ ಹೋದರೆ, ತಪ್ಪು ಮಾಡದವಳು ಎದುರಿಗೆ ತಲೆ ತಗ್ಗಿಸಿ ನಿಂತೇ ಇರುತ್ತಾಳೆ.

ಕತ್ತರಿಯಮ್ಮ ಗೊಂಬೆಯನ್ನು ಗೋಡೆಯ ಕಡೆ ತಿರುಗಿಸಿದಳು. ಅತ್ತಿಗೆಯ ಕೈಯಿಂದ ಬಾಚಣಿಗೆ ತೆಗೆದುಕೊಂಡು, ಅವಳನ್ನು ಮಿಷನ್ನಿನ ಮುಂದೆ ಕೂರಿಸಿ, ಹಣೆಯ ಮೇಲೆ ಅಂಗೈ ಇಟ್ಟು ನೋಡಿದಳು. ತಣ್ಣಗಿತ್ತು.

"ಬಿಡು ಅತ್ತಿಗೆ" ಅಂದಳು. "ನಾನು ಯಾವತ್ತೋ ಮರ್ತೆ."

ಅತ್ತಿಗೆ ಸಮಾಧಾನದಿಂದ ನಕ್ಕು, ಮೆತ್ತೆಯಿಂದ ದಾರ ಪೋಣಿಸಿದ ಒಂದು ಸೂಜಿ ಎಳೆದುಕೊಂಡಳು.